ಬಿಡುವಿನ ಅಳತೆ

ಪೆಟ್ಟಿಗೆ ಸಣ್ಣದು. ಒಂದು ಮೊಳದಗಲ, ಎರಡು ಬೆರಳೆತ್ತರ,
ಮುಖದ ಮೇಲೆ ಹಸಿರು ದೀಪದ ಸಾಲು, ಆರು ತಿರುಪು.
ಪೋರ್ಟೊ ಮಾಂಟ್‌ನಿಂದ ಬಸ್ಸು, ಆಮೇಲೆ ಫೆರಿ, ಮತ್ತೆ ಬಸ್ಸು;
ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ತಂದೆ.
ಚಿಲೋಯೆ ದ್ವೀಪದ ತೆಂಕಣ ತುದಿ, ಕೆಯೋನ್ ಊರು.
ತಗಡಿನ ಮಾಡಿನ ರೇಡಿಯೊ ನಿಲಯ:
ಒಂದು ಮೈಕು, ಒಂದು ಸೌದೆ ಒಲೆ,
ಒಲೆಯಿಂದ ಎಂದೂ ಇಳಿಯದ ಕೆಟಲ್ಲು.

ಇಪ್ಪತ್ತೆಂಟು ವರ್ಷದಿಂದ ದಿನಕ್ಕೆರಡು ಸಲ
ದೊನ್ಯಾ ಊಬಿಲಿಂಡಾ ಕಾರ್ಕಾಮೊ ಸಂದೇಶ ಓದುತ್ತಾರೆ
ಫೋನು ಮುಟ್ಟದ ದ್ವೀಪಗಳಿಗೆ:
'ಲಾಯ್ತೆಕ್‌ನ ಬಾರಿಯಾ ಮನೆಯವರಿಗೆ. ಕಣ್ಣಿನ ಆಪರೇಷನ್ ಆಯಿತು.
ಶುಕ್ರವಾರದ ದೋಣಿಗೆ ಬರುತ್ತೇನೆ, ದಡಕ್ಕೆ ಎತ್ತಿನ ಗಾಡಿ ತನ್ನಿ.'
'ಕೈಲಿನ್‌ನ ದೊನ್ ಎಲಿಯೊದೊರೊಗೆ. ಮೋಟಾರಿನ ಬಿಡಿಭಾಗ
ಇನ್ನೂ ಸಿಕ್ಕಿಲ್ಲ. ಹುಟ್ಟು ಹಾಕುತ್ತಿರಿ.'

ದೂರು ಏನೆಂದರೆ,
ಹಾಸಿಗೆ ಅಂಗಡಿಯ ಜಾಹೀರಾತು ಕಿವಿ ಕಿತ್ತುಹಾಕುತ್ತದೆ;
ಅದರ ಬೆನ್ನಿಗೇ ಬರುವ ಸಾವಿನ ಸುದ್ದಿ
ದೋಣಿಯ ಇಂಜಿನ್ನಿನಡಿ ಮುಳುಗಿಹೋಗುತ್ತದೆ.
ಯಾರೋ ಒಬ್ಬ ಅಣ್ಣನ ಮಣ್ಣಿಗೆ
ಎರಡು ದಿನ ತಡವಾಗಿ ಬಂದನಂತೆ.

ಸರಿ, ಕೂರಿಸಿದೆ ಪೆಟ್ಟಿಗೆ. ಗುರಿ, ಸೊನ್ನೆಯಿಂದ ಹದಿನೆಂಟು ಕೆಳಗೆ.
ಏರಿದ್ದನ್ನು ತಗ್ಗಿಸು, ತಗ್ಗಿದ್ದನ್ನು ಏರಿಸು,
ಬೇಗ ಹಿಡಿ, ಬೇಗ ಬಿಡು.
ಹಾಸಿಗೆ ಅಂಗಡಿ ಬಾಲ ಮುದುರಿತು.
ದೀಪಗಳೆಲ್ಲ ಒಂದೇ ಮಟ್ಟ, ಹಲಗೆ ಹೊಡೆದ ಹೊಲದ ಹಾಗೆ.
ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆಯ ಓದಿನಲ್ಲಿ ಗೊತ್ತಾಯಿತು.
'ಕೋಲ್ದೀತಾದ ನಾವೆಲ್ಕೀನ್ ಮನೆಯವರಿಗೆ'
ಎಂದು ನಿಂತರು.
ಚೀಟಿ ತಿರುಗಿಸಿದರು. ಬಲ್ಲವರ ಹೆಸರಿರಬೇಕು.
ನಿಂತೇ ಇದ್ದರು.
ಪೆಟ್ಟಿಗೆಗೆ ಮೌನವೆಂದರೇನು ಗೊತ್ತು?
ಏನೋ ಕಮ್ಮಿ ಬಿತ್ತು ಅಂದುಕೊಂಡು
ಎತ್ತಿತು, ಎತ್ತಿತು, ಖಾಲಿ ಕೊಡವನ್ನು
ಬಾವಿಯಿಂದ ಸೇದಿದಂತೆ ರಭಸಕ್ಕೆ ಎತ್ತಿತು:
ಕೆಟಲ್ಲಿನ ಸುಂಯ್, ತಗಡಿನ ಮೇಲಿನ ಮಳೆ,
ಕುರ್ಚಿಯ ಕಿರ್ರು, ಬೀದಿಯ ನಾಯಿ,
ಮೂಗು ಒಳಗೆಳೆದುಕೊಂಡ ಒಂದು ಉಸಿರು,
ಅಷ್ಟನ್ನೂ ಹಾಸಿಗೆ ಅಂಗಡಿಯಷ್ಟೇ ಗಟ್ಟಿಯಾಗಿ
ಎಲ್ಲ ದ್ವೀಪಗಳ ಅಡುಗೆಮನೆಗಳಲ್ಲಿ.
ಆಮೇಲೆ ಬಂದ ಮೊದಲ ಅಕ್ಷರ
ಏರಿ ನಿಂತ ಪೆಟ್ಟಿಗೆಗೆ ಢಿಕ್ಕಿ ಹೊಡೆದು
ಬಿರುಕುಬಿಟ್ಟು ಹೊರಗೆ ಬಿತ್ತು.

ರಾತ್ರಿ, ಪ್ರಸಾರ ಮುಗಿದ ಮೇಲೆ, ಕೂತೆವು ಇಬ್ಬರೂ.
'ಎಷ್ಟು ಹೊತ್ತು ನಿಲ್ಲುತ್ತೀರಿ ನೀವು?' ಕೇಳಿದೆ.
'ಅದನ್ನೂ ಅಳೆಯೋದುಂಟೇ?' ಎಂದರು, ಚಹಾ ಬಗ್ಗಿಸುತ್ತ.
'ಮದುವೆಗೆ ಒಂದುಸಿರು. ಆಸ್ಪತ್ರೆಗೆ ಒಂದೂವರೆ.
ಸತ್ತವರಿಗೆ, ಕೇಳೋರು ತಮ್ಮ ಕೈಲಿರೋದನ್ನ
ಕೆಳಗಿಡೋವಷ್ಟು.'

ಹಳೆಯ ಟೇಪು ಹಾಕಿ ಗಡಿಯಾರ ಹಿಡಿದೆ.
ಮೂರು ಸೆಕೆಂಡು. ಒಮ್ಮೊಮ್ಮೆ ನಾಲ್ಕು.
ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಒಂದೇ ಒಂದು ಸಲ ಒಂಬತ್ತು.
ಯಾರದೆಂದು ನಾನು ಕೇಳಲಿಲ್ಲ,
ಅವರು ಟೇಪು ನಿಲ್ಲಿಸು ಅನ್ನಲಿಲ್ಲ.

ಒಂದು ತಿರುಪಿಗೆ ಹೇಳಿದೆ: ನಲವತ್ತರ ಕೆಳಗಿನದನ್ನು
ಮುಟ್ಟಬೇಡ, ಇದ್ದಲ್ಲೇ ಇರು, ಕಾಯಿ.
ಇನ್ನೊಂದಕ್ಕೆ: ಹತ್ತು ಸೆಕೆಂಡು ತಗೋ, ಮೆಲ್ಲಗೆ ಬಿಡು,
ನಿದ್ದೆಹೋದ ಮಗುವಿನ ತಲೆಯಡಿಯಿಂದ
ತೋಳು ಬಿಡಿಸಿಕೊಳ್ಳುವ ಹಾಗೆ.
ಮೂರನೆಯದನ್ನು ಕೈಪಿಡಿ ಹೇಳಿದ್ದಕ್ಕಿಂತ ಸಡಿಲ ಬಿಟ್ಟೆ.
ಪಿಸುಮಾತು ಒಂಚೂರು ಪಿಸುಮಾತಾಗಿಯೇ ಇರಲಿ.
ಕಂಪನಿಗೆ ಬರೆದ ವರದಿಯಲ್ಲಿ ಇದಿಲ್ಲ.

ಬೆಳಗಿನ ಬಸ್ಸು. ಡ್ರೈವರನ ತಲೆಯ ಮೇಲೆ ರೇಡಿಯೊ.
'ಕೈಲಿನ್‌ನ ದೊನ್ ಎಲಿಯೊದೊರೊಗೆ'
ಎಂದು ನಿಂತರು.
ಡ್ರೈವರನ ಕೈ ವಾಲ್ಯೂಮಿನ ಕಡೆ ಎದ್ದು, ಅರ್ಧದಲ್ಲೇ ಉಳಿಯಿತು.
ಎರಡು. ಮೂರು.
ಪಕ್ಕದ ಹೆಂಗಸು ಕಚ್ಚಿದ್ದ ಬ್ರೆಡ್ಡನ್ನು ತೊಡೆಯ ಮೇಲಿಟ್ಟಳು.
ನಾಲ್ಕು.
'ಮೋಟಾರಿನ ಬಿಡಿಭಾಗ ಸಿಕ್ಕಿದೆ.'
ಇಡೀ ಬಸ್ಸು ಗೊಳ್ಳೆಂದಿತು.
ಕನ್ನಡಕ ಸಿಗಲಿಲ್ಲವೋ, ಚೀಟಿ ತಲೆಕೆಳಗಾಗಿತ್ತೋ,
ಬೇಕೆಂದೇ ಮಾಡಿದರೋ!
ಕೆಟಲ್ಲು ಮಾತ್ರ ಕೇಳಿಸಲಿಲ್ಲ.