ನನ್ನಂಗಡಿಯಲ್ಲಿ ಅದು ಆರಲಿಲ್ಲ

ಗೋಣಿಚೀಲದಲ್ಲಿ ಸುತ್ತಿ, ಮಾರಲು ತಂದ ಕೋಳಿಯ ಹಾಗೆ
ಕಂಕುಳಲ್ಲಿ ಅವುಚಿಕೊಂಡು ಬಂದಿದ್ದಳು ಪುಟ್ಟಲಿಂಗಮ್ಮ.
"ಹತ್ಕತದೆ ಕನವ್ವ, ಉರೀತದೆ, ಪಟ್ ಅಂತ ಓಯ್ತದೆ.
ಯಾವಾಗ ಅಂತ ಹೇಳಾಕಾಗಲ್ಲ. ಗಂಡಸ್ರ ಕ್ವಾಪ ಇದ್ದಂಗೆ."

ಮಂಡ್ಯ, ಬನ್ನೂರು ರಸ್ತೆ. ಮೆಟ್ಟಿಲ ಕೆಳಗೆ ನನ್ನಂಗಡಿ.
ನಿಂತರೆ ತಲೆ ತಾಗುತ್ತದೆ, ಕೂತರೆ ಕೆಲಸ ಸಾಗುತ್ತದೆ.

ಹನ್ನೊಂದು ಸ್ಕ್ರೂ ಇರಬೇಕು, ಒಂಬತ್ತಿದ್ದವು.
ನನಗಿಂತ ಮೊದಲು ಯಾರೋ ಕೈಯಾಡಿಸಿದ್ದಾರೆ.
ತೆರೆದರೆ ಗಮ್ಮೆಂದಿತು ಬೆಲ್ಲ.
ಫ್ಯಾನಿನ ರೆಕ್ಕೆಗೆ ಕಬ್ಬಿನ ರಚ್ಚಿನ ನಾರು,
ಎಂಟರ್ ಕೀಲಿಯ ಕೆಳಗೆ ಕೆಂಪಿರುವೆಗಳು
ಮೊಟ್ಟೆಯಿಟ್ಟು ಸಂಸಾರ ಹೂಡಿದ್ದವು.

ಸಿಕ್ಕಿತು ಕಾಯಿಲೆ ಅಂದುಕೊಂಡೆ.
ಬ್ರಷ್ಷಲ್ಲಿ ಗುಡಿಸಿದೆ, ಪ್ರೊಸೆಸರಿನ ನೆತ್ತಿಗೆ
ಹುರುಳಿಕಾಳಿನಷ್ಟು ಹೊಸ ಪೇಸ್ಟು ಇಟ್ಟೆ,
ರ‍್ಯಾಮಿನ ಚಿನ್ನದ ಹಲ್ಲುಗಳನ್ನು ಮಗಳ ರಬ್ಬರಿನಿಂದ ತಿಕ್ಕಿ
ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ.
ಬ್ಯಾಟರಿ ಇರಬೇಕಾದ ಜಾಗ ಖಾಲಿ.
ಉಬ್ಬಿತ್ತಂತೆ. ಮೈದುನ ಕಿತ್ತು ತೆಂಗಿನ ಬುಡಕ್ಕೆ ಹೂತನಂತೆ,
"ಕರೆಂಟ್ ಅದಲ್ಲ, ಅದ್ಯಾಕೆ?" ಅಂದನಂತೆ.
ನಾನೂ ನಕ್ಕು ಮರೆತೆ.

ಹಾಕಿದೆ. ಹತ್ತಿತು.
ಒಂದು ಗಂಟೆ, ಎರಡು, ನಾಲ್ಕು.
ಶಟರು ಅರ್ಧ ಎಳೆದು ಎದುರಿಗೇ ಕೂತೆ.
ಆರು ನೋಡೋಣ ಎಂದೆ. ಆರಲಿಲ್ಲ.
ಡಾಕ್ಟರ ಮುಂದೆ ಕೂತೊಡನೆ ಕೆಮ್ಮು ನಿಲ್ಲುವುದಿಲ್ಲವೆ, ಹಾಗೆ.

ಒಯ್ದಳು. ಮಾರನೇ ದಿನವೇ ಫೋನು:
"ಮತ್ತೆ ಓಯ್ತು. ಹನ್ನೆರಡಾಳಿನ ಬಟವಾಡೆ ನುಂಗ್ಕಂಡು ಓಯ್ತು."

ಆರುನೂರು ತಗೊಂಡಿದ್ದೆ, ನಿದ್ದೆ ಬರಲಿಲ್ಲ.
ಭಾನುವಾರ ಸ್ಕೂಟರು ಹತ್ತಿದೆ,
ನಾಲೆಯ ಏರಿ ಮೇಲೆ, ಕಬ್ಬಿನ ಗಾಡಿಗಳ ಹಿಂದೆ ದೂಳು ನುಂಗುತ್ತ.

ಆಲೆಮನೆಯ ಮೂಲೆ. ಬೆಲ್ಲದ ಅಚ್ಚಿನ ಹಲಗೆಯೇ ಮೇಜು.
ಅದು ಉರಿಯುತ್ತಿದೆ, ಏನೂ ಅರಿಯದ ಹಾಗೆ.
ಪುಟ್ಟಲಿಂಗಮ್ಮ ಒಂದೇ ಬೆರಳಲ್ಲಿ ಕುಟ್ಟುತ್ತಾಳೆ,
ಹೆಸರು, ದಿನ, ಮುಂಗಡ, ಮುರಿದುಕೊಂಡದ್ದು.
ನಾನು ಕೈಕಟ್ಟಿ ನಿಂತೆ, ಏನೂ ಮುಟ್ಟದೆ.
ಹಾಗೆ ನಿಲ್ಲುವುದನ್ನು ಯಾರೂ ನನಗೆ ಕಲಿಸಿರಲಿಲ್ಲ.

ಆಚೆಯಿಂದ ಯಾರೋ ಕೂಗಿದರು: "ಗಾಣ ಬುಡ್ಲಾ!"
ಮೋಟರು ಗುಂಯ್ಯೆಂದು ಎದ್ದಿತು.
ತಲೆ ಮೇಲಿನ ಬಲ್ಬು ಕೆಂಪಗೆ ಕುಗ್ಗಿ ಮತ್ತೆ ಅರಳಿತು,
ರೆಪ್ಪೆ ಬಡಿಯುವಷ್ಟು ಹೊತ್ತು.
ಅಷ್ಟರಲ್ಲಿ
ಪರದೆ ಕಪ್ಪು.

"ನೋಡ್ದಾ?" ಎಂದಳು, ಪಂದ್ಯ ಗೆದ್ದವಳಂತೆ.

ನೋಡಿದೆ. ಗಾಣ ಕಬ್ಬಿಗೆ ಬಾಯ್ತೆರೆದಾಗಲೆಲ್ಲ
ಮೊದಲ ತುತ್ತನ್ನು ಇದರ ಬಾಯಿಂದ ಕಿತ್ತುಕೊಳ್ಳುತ್ತಿತ್ತು.
ಆ ಅರೆಚಣ ದಾಟಿಸಲು ಒಳಗೊಂದು ಬ್ಯಾಟರಿ ಬೇಕಿತ್ತು.
ಅದು ತೆಂಗಿನ ಬುಡದಲ್ಲಿತ್ತು.

ಅವಳ ಬೆನ್ನ ಹಿಂದಿನ ಗೋಡೆ ಆಗ ಕಂಡಿತು:
ಇದ್ದಿಲ ಗೀಟು, ಐದೈದರ ಕಟ್ಟು,
ಪಕ್ಕದಲ್ಲಿ ಆಳುಗಳ ಹೆಸರಿನ ಮೊದಲಕ್ಷರ.
ಪೆಟ್ಟಿಗೆ ಕಪ್ಪಾದಾಗಲೆಲ್ಲ ಗೋಡೆ ನೋಡಿಕೊಂಡು
ಮೊದಲಿನಿಂದ ಕುಟ್ಟುತ್ತಾಳಂತೆ, ದಿನಕ್ಕೆ ನಾಲ್ಕು ಸಲ.
ಬೈದುಕೊಳ್ಳುವುದಿಲ್ಲವಾ ಎಂದೆ.
"ಯಾರ್ಗೆ ಬೈಯನ? ಗಾಣಕ್ಕಾ?"

ತೆಂಗಿನ ಬುಡ ಅಗೆಸಿ ಹೂತದ್ದನ್ನು ತೆಗೆಸಿದೆ,
ಮೈದುನನಿಗೆ ಎರಡು ಮಾತು ಅಂದೇ.
ನನ್ನ ಬಳಿ ಹಳೆಯದೊಂದಿತ್ತು, ಅದಕ್ಕೆ ಹೊಂದುವುದು.
ಅರ್ಧ ಗಂಟೆಯಷ್ಟೇ ತಾಳುತ್ತದೆ.
ಅವಳಿಗೆ ಬೇಕಾದದ್ದು ಅರೆಚಣ.
ದುಡ್ಡು ಬೇಡವೆಂದೆ. ಹಾಗಾದರೆ ಎಂದು ಎರಡು ಅಚ್ಚು,
ಬಿಸಿ ಇನ್ನೂ ಆರದ್ದು, ಬಾಳೆಲೆಯಲ್ಲಿ ಸುತ್ತಿ ಡಿಕ್ಕಿಗೆ ತುರುಕಿದಳು.

ಈಗ ಯಾರಾದರೂ ಬಂದು
ಮನೇಲಿ ಆರತ್ತೆ, ಇಲ್ಲಿ ಆರಲ್ಲ ಅಂದರೆ
ಸ್ಕ್ರೂಡ್ರೈವರು ಕೆಳಗಿಟ್ಟು ಕೇಳುತ್ತೇನೆ:
ಆಗ ಪಕ್ಕದಲ್ಲಿ ಏನು ಶುರುವಾಗತ್ತೆ?

ಅವರು ಯೋಚಿಸುತ್ತಾರೆ.
ಮೇಜಿನ ಅಂಚಿನಲ್ಲಿ ಕೆಂಪಿರುವೆಯ ಸಾಲು
ಹೊರಟಿದೆ ನಿಧಾನಕ್ಕೆ
ಬ್ಯಾಂಕ್ ಮ್ಯಾನೇಜರರ ಹೊಸ ಲ್ಯಾಪ್‌ಟಾಪಿನ ಕಡೆಗೆ.