ಐದನೆಯ ಜೇಬು

ಶೇಕ್ಷಾವಲಿ ಎರಡೂ ಫೋನುಗಳನ್ನು
ಗಾಜಿನ ಮೇಲೆ ಅಕ್ಕಪಕ್ಕ ಮಲಗಿಸಿದ.
ಕೌಲ್ ಬಜಾರಿನಲ್ಲಿ ಕರೆಂಟು ಹೋಗಿತ್ತು,
ನಮ್ಮ ಶೆಡ್ಡಿನ ಮೆಷಿನುಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದ್ದವು,
ಇಲ್ಲದಿದ್ದರೆ ನಾನೆಲ್ಲಿ ಬರುತ್ತಿದ್ದೆ ಹಗಲು ಹೊತ್ತು.

"ಎರಡೂ ಹಳೇವೇ ಅಕ್ಕಾ, ಸುಳ್ಳು ಯಾಕ ಹೇಳ್ಲಿ.
ಇದು ಆರುನೂರೈವತ್ತು, ಇದು ಒಂಬೈನೂರು.
ಮುಟ್ಟಿ ನೋಡು."

ಮೊದಲನೆಯದು ದಪ್ಪ.
ರಾಯಚೂರಿನ ಯಾರೋ ಮೇಷ್ಟ್ರದಂತೆ,
ಬೆನ್ನ ಸಂದಿಯಲ್ಲಿ ಇನ್ನೂ ಸೀಮೆಸುಣ್ಣ.
ಪಕ್ಕೆಯಲ್ಲೊಂದು ಕಡ್ಡಿ, ಎಳೆದರೆ ಬರುತ್ತದೆ.
ಸವರಿದರೆ ಸುಮ್ಮನಿರುತ್ತದೆ, ಒತ್ತಿದರೆ ಒಪ್ಪುತ್ತದೆ,
ಉಗುರಿಗೂ ಓಗೊಡುತ್ತದೆ.
ಬೆರಳಿನ ಅಂಗುಸ್ತಾನ ತೆಗೆಯದೆಯೇ ಕುಟ್ಟಿದೆ,
ಅದಕ್ಕೂ ಹೂಂ ಅಂದಿತು.

ಎರಡನೆಯದು ತೆಳ್ಳಗೆ.
ಶೇಕ್ಷಾವಲಿಯ ಬೆರಳು ಹೀಗೆ ಹೋದರೆ ಪುಟ ಹಾಗೆ ಓಡುತ್ತದೆ.
ನನ್ನದು ಹೋದರೆ ಇಲ್ಲ.
ಮತ್ತೆ. ಇಲ್ಲ.
ಹದಿನಾಲ್ಕು ವರ್ಷ ಜೀನ್ಸಿನ ಅಂಚು ಮಡಿಚಿದ ಬೆರಳು,
ತುದಿಯೆಲ್ಲ ದಡ್ಡುಗಟ್ಟಿ,
ಉಗುರ ಬುಡದಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ.
"ಅದಕ್ಕ ಜೀವ ಇರೋ ಚರ್ಮ ಬೇಕಕ್ಕಾ" ಅಂದ,
ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಇರಲಿ, ಮಿಕ್ಕಿದ್ದು ನೋಡೋಣ.
ಎರಡರಲ್ಲೂ ಅವನಂಗಡಿಯ ಬೆಕ್ಕಿನ ಫೋಟೋ ತೆಗೆದೆವು:
ಇದರಲ್ಲಿ ಬೆಕ್ಕು ಬೂದಿ ಚೀಲ,
ಅದರಲ್ಲಿ ಮೀಸೆ ಎಣಿಸಬಹುದು.
ಇದರ ಬ್ಯಾಟರಿ ಮೂರು ದಿನ, ಅದು ಸಂಜೆಗೇ ಸುಸ್ತು,
ಬಳ್ಳಾರಿ ಬಿಸಿಲಿಗೆ ಯಾರು ತಾನೆ ಅಲ್ಲ.
ಇದರಲ್ಲಿ ರೇಡಿಯೋ, ಕಿವಿಯ ವೈರು ಚುಚ್ಚಿದರೆ ಮಾತ್ರ ಮಾತಾಡುತ್ತದೆ.
ಅದರಲ್ಲಿ ದಾರಿ ತೋರಿಸುವ ನಕ್ಷೆ.
ನನಗೆ ತಿಳಿಯದ ದಾರಿ ಯಾವುದಿದೆ,
ಮನೆ, ಶೆಡ್ಡು, ಮೋತಿ ಸರ್ಕಲ್ಲು.

ಚೀಲದಲ್ಲಿದ್ದ ಪ್ಯಾಂಟಿನ ತುಂಡಿಗೆ ಎರಡನ್ನೂ ಇಳಿಸಿದೆ.
ದಪ್ಪನೆಯದು ಅಡ್ಡ ಉಬ್ಬಿತು, ತೆಳ್ಳನೆಯದು ಸರಿಯಾಗಿ ಕೂತಿತು.
ಎರಡು ವರ್ಷದ ಹಿಂದೆ ಜೇಬಿನ ಅಳತೆ
ಅರ್ಧ ಇಂಚು ಆಳ ಮಾಡಿದ್ದರು.
ಯಾಕೆಂದು ಮೇಸ್ತ್ರಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.
ನಾನು ಹೊಲಿಯುವುದು ಐದನೆಯದು,
ಬಲಜೇಬಿನ ಬಾಯಲ್ಲಿರುವ ಪುಟ್ಟದು,
ಯಾರೂ ಏನೂ ಇಡದ್ದು.

ಸಿಮ್ಮು ಹಾಕು ಅಂದೆ.
ಬಣ್ಣದ ತೊಟ್ಟಿಗೆ ಬಿದ್ದು ಸತ್ತ ನನ್ನ ಗುಂಡಿ ಫೋನಿನದು.
ದಪ್ಪನೆಯದರಲ್ಲಿ ಒಂದು ಮೆಸೇಜು ಎದ್ದಿತು:
ಡಬ್ಬಿ ಡಬ್ಬಿ ಡಬ್ಬಿ,
ಗುಂಡಿ ಹಚ್ಚದ ಕಾಜಾಗಳ ಸಾಲು.
ಗುಂಡಿ ಫೋನಿನಲ್ಲೂ ಹೀಗೇ ಬಂದಿತ್ತು,
ಕಂಪನಿಯವರದೇನೋ ಎಂದು ಹನ್ನೊಂದು ದಿನ ಬಿಟ್ಟಿದ್ದೆ.

ಅದೇ ಸಿಮ್ಮು ತೆಳ್ಳನೆಯದಕ್ಕೆ ಹಾಕಿದ.
ಕನ್ನಡ.
ಸಿಂಧನೂರಿಗೆ ಹೋದ ಪೀರಂಬಿ:
"ನಿನ್ನ ಕತ್ತರಿ ನನ್ನ ಚೀಲದಾಗ ಬಂದೈತಿ,
ಸಿಟ್ಟಾಗಬ್ಯಾಡ."

ಆ ಕತ್ತರಿಗಾಗಿ
ಎರ್ರಮ್ಮನ ಊಟದ ಬುತ್ತಿ ಬಿಚ್ಚಿಸಿ ನೋಡಿದ್ದೆ,
ಎಲ್ಲರ ಮುಂದೆ.
ಅವಳು ರೊಟ್ಟಿಯನ್ನು ಒಂದೊಂದೇ ಎತ್ತಿ ತೋರಿಸಿದ್ದಳು.

ಉತ್ತರ ಬರೆಯಲು ಬಲಗೈ ಎತ್ತಿದೆ, ಗಾಜು ಕೇಳಲಿಲ್ಲ.
ಎಡಗೈಯ ಕಿರುಬೆರಳು,
ಬಟ್ಟೆ ಹಿಡಿಯದ, ಸೂಜಿ ಕಾಣದ ಬೆರಳು, ಅದನ್ನಿಟ್ಟೆ.
ತಗೊಂಡಿತು.
ಬಹಳ ಹೊತ್ತು ಹುಡುಕಿ ಎರಡೇ ಅಕ್ಷರ ಒತ್ತಿದೆ: ಇರ್ಲಿ.

ಕರೆಂಟು ಬಂತು.
ಬೀದಿಯಾಚೆ ಮೆಷಿನುಗಳು ಒಂದರ ಹಿಂದೊಂದು ಬಾಯಿ ಬಿಟ್ಟವು.
ತೆಳ್ಳನೆಯದೇ ಕೊಡು, ನೂರು ಶನಿವಾರಕ್ಕೆ ಅಂದೆ.
ಆ ಕಡ್ಡಿಯನ್ನೂ ಕೊಡು.
"ಅದು ಇದಕ್ಕ ನಡೆಯಂಗಿಲ್ಲಕ್ಕಾ."
ನಡೆಯದಿದ್ದರೂ ಕೊಡು.

ತುಂಡಿನ ಐದನೆಯ ಜೇಬಿಗೆ ಕಡ್ಡಿ ಇಳಿಸಿಕೊಂಡು ಹೋದೆ.
ಎರ್ರಮ್ಮ ಮೂರನೇ ಮೆಷಿನಿನಲ್ಲಿ
ತಲೆಯೆತ್ತದೆ ಬಾಬಿನ್ನಿಗೆ ನೂಲು ಸುತ್ತುತ್ತಿದ್ದಳು.
ಕಡ್ಡಿ ತೆಗೆದು ಅವಳ ಮುಂದಿಟ್ಟೆ.
ಜೇಬಿನ ಮೂಲೆ ಹೊರಳ್ಸಾಕ
ಚಲೋ ಐತಿ ನೋಡು, ಅಂದೆ.