ನಾಲ್ಕನೆಯ ಕಿಂಡಿ

ಮೂವತ್ತೊಂದು ವರ್ಷ ಟ್ರಂಕ್ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಕಪ್ಪು ಬಟ್ಟಲು ಕಟ್ಟಿಕೊಂಡು
ಬತುಮಿಯನ್ನು ಕುತೈಸಿಗೆ ಚುಚ್ಚುತ್ತಿದ್ದವಳು ನಾನು, ನಾಜಿಬ್ರೋಲಾ.
ಅಂಗೈಯಗಲದ ಈ ಬಿಳಿ ಪೆಟ್ಟಿಗೆಗೆ ಹೆದರುತ್ತೇನೆಯೇ?

ನಾಲ್ಕು ಕಿಂಡಿ. ಮೊದಲನೆಯದು ಬೀದಿಯದು,
ತಿಬಿಲಿಸಿಯ ಅಷ್ಟೂ ಗದ್ದಲ ಅಲ್ಲಿಂದ ಒಳಗೆ.
ಎರಡು, ಮೂರು ನನ್ನವು: ಲ್ಯಾಪ್‌ಟಾಪು, ಅಡುಗೆಮನೆಯ ಟೀವಿ.
ನಾಲ್ಕನೆಯದರ ತಂತಿ
ಗೋಡೆಯ ತೂತಿನಿಂದಾಚೆ, ಎತೆರಿಯ ಪಾಲಿಗೆ.

ಎತೆರಿ ನನ್ನ ತಂಗಿ. ಒಂಬತ್ತು ವರ್ಷವಾಯಿತು.
ಮೊದಲು ಒಂದು ರತ್ನಗಂಬಳಿ, ಆಮೇಲೆ ಒಂದು ಮಾತು,
ಆಮೇಲೆ ಈ ಪ್ಲೈವುಡ್ ಗೋಡೆ.
ಬಿಲ್ಲಿನ ಅರ್ಧ ದುಡ್ಡು ಮಾತ್ರ
ಕೆಳಮನೆಯ ವಾಜಾನ ಕೈಲಿ ತಿಂಗಳಿಗೊಮ್ಮೆ ಬರುತ್ತದೆ,
ಚಿಲ್ಲರೆ ಸಮೇತ.

ನನಗೆ ಬೇಕಿದ್ದುದು ಇಷ್ಟೆ:
ನನ್ನೆರಡು ಕಿಂಡಿಗೆ ಸೇತುವೆ ಕಟ್ಟಿ ಒಂದೇ ಮನೆ ಮಾಡುವುದು,
ಅವಳದನ್ನು ಬೇರೆಯೇ ಇಡುವುದು.
ಸೇತುವೆ ಯಾವ ಊರೆಂದು ಕೇಳುವುದಿಲ್ಲ,
ಮುಖ ನೋಡಿ ದಾಟಿಸುತ್ತದೆ.
ರೂಟಿಂಗ್ ಎಂಬುದು ಸುಂಕದವನು,
ಅವನ ಮುಂದೆ ಸುಖದುಃಖ ನಡೆಯದು,
ವಿಳಾಸ ಓದದೆ ಗೇಟೆತ್ತುವವನಲ್ಲ.
ಒಂದೇ ಪೆಟ್ಟಿಗೆಯಲ್ಲಿ ಇಬ್ಬರೂ ಬಾಳಬೇಕು.
ಎಕ್ಸ್‌ಚೇಂಜಿನಲ್ಲಿ ನಮಗೂ ಎರಡು ದನಿ ಇದ್ದವು,
ಗೆಳತಿಗೊಂದು, ಗಿರಾಕಿಗೊಂದು.

ರಾತ್ರಿ ಹನ್ನೊಂದೂವರೆ. ಕನ್ನಡಕ ಒರೆಸಿ
ಎರಡನ್ನೂ ಮೂರನ್ನೂ ಸೇತುವೆಗೆ ಸೇರಿಸಿ ಗುಂಡಿ ಒತ್ತಿದೆ.
ಪರದೆ ತಿರುಗಿತು, ತಿರುಗಿತು,
ಸತ್ತೇಹೋಯಿತು.

ಆಗ ಹೊಳೆಯಿತು.
ಪೆಟ್ಟಿಗೆಯ ವಿಳಾಸ ಇದ್ದದ್ದು ಎರಡನೆಯ ಕಿಂಡಿಯ ಮೇಲೆ.
ಕಿಂಡಿ ಸೇತುವೆಯ ಹಲಗೆಯಾದ ಮೇಲೆ
ಹಲಗೆಗೆಲ್ಲಿಯ ವಿಳಾಸ?
ಸೇತುವೆಗೇ ಒಂದು ಕೊಡಬೇಕಿತ್ತು; ಕೊಡದೆ,
ಕೂತ ಕೊಂಬೆಯನ್ನೇ ಕಡಿದಿದ್ದೆ.
ನಾನೂ ನನ್ನ ಟೀವಿಯೂ ಮುಖ ಮುಖ ನೋಡುತ್ತ ಕೂತೆವು,
ಹೊರಗೆ ಹೋಗಲು ಬಾಗಿಲಿಲ್ಲ.

ಹಿಂಬದಿಯ ತೂತಿಗೆ ಗುಂಡುಸೂಜಿ ಚುಚ್ಚಿ ಹತ್ತೆಣಿಸಿದರೆ
ಎಲ್ಲ ಮರೆತು ಹುಟ್ಟಿದ ದಿನಕ್ಕೆ ಮರಳುತ್ತದಂತೆ.
ಸೂಜಿ ಹುಡುಕಿದೆ ಕೂಡ.
ಮೂರು ಸಂಜೆಯ ಕೆಲಸ. ಅದಲ್ಲದೆ
ಎಲ್ಲ ಮರೆಯುವುದು ನನ್ನಿಂದ ಎಂದೂ ಆಗಿಲ್ಲ.

ನೆಟ್ಟಗೆ ಉಳಿದದ್ದು ನಾಲ್ಕು ಮಾತ್ರ.
ಅವಳ ತಂತಿ ಕಿತ್ತು ನನ್ನದು ಸಿಕ್ಕಿಸಬಹುದಿತ್ತು,
ಅರೆ ನಿಮಿಷದ ಕೆಲಸ.
ಆದರೆ ಗೋಡೆಯಾಚೆ ಎತೆರಿ
ಪೋತಿಯ ಯಾರ ಜೊತೆಗೋ ನಗುತ್ತಿದ್ದಳು.
ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ
ಮಾತಿನ ನಡುವೆ ಕೊಂಡಿ ಕಳಚಿದವಳಲ್ಲ ನಾನು.

ನಗು ನಿಲ್ಲುವವರೆಗೆ ಕಾದು,
ಮರದ ಜಗಲಿ ಸುತ್ತಿ ಹೋಗಿ ಕದ ತಟ್ಟಿದೆ.
ಬಿಚ್ಚಿದ ಕೂದಲು, ಕೈಯಲ್ಲಿ ಅರ್ಧ ಸುಲಿದ ದಾಳಿಂಬೆ.
"ನಿನ್ನ ತಂತಿ ಬೇಕಿತ್ತು. ಐದು ನಿಮಿಷ."
ನನ್ನನ್ನಲ್ಲ, ನನ್ನ ಚಪ್ಪಲಿ ನೋಡಿದಳು.
ಮೇಜಿನ ಕೆಳಗೆ ಬೆರಳು ತೋರಿಸಿದಳು.

ಆ ರತ್ನಗಂಬಳಿಯ ಮೇಲೆಯೇ ಮೊಣಕಾಲೂರಿ
ಸೇತುವೆಗೆ ವಿಳಾಸ ಬರೆದೆ.
ಗೋಡೆಯಾಚೆ ನನ್ನ ಟೀವಿ
ಖಾಲಿ ಮನೆಗೆ ಸುದ್ದಿ ಓದತೊಡಗಿತು.

"ನಾಳೆ ಮತ್ತೆ ಹೋಗುತ್ತದೋ?"
"ಒಳಗಿನ ವಿಳಾಸವೆಲ್ಲ ಹನ್ನೆರಡು ಗಂಟೆಯ ಎರವಲು.
ಅರ್ಧ ಹೊತ್ತಿಗೇ ಮತ್ತೆ ಕೇಳಬೇಕು."
"ಯಾರು?"
"ಎರವಲು ಪಡೆದವರು."

ಎತೆರಿ ಸಿಪ್ಪೆ ಎಸೆಯಲು ಎದ್ದಳು.
"ಕದ ಹಾಕು, ಬೆಕ್ಕು ಬರುತ್ತದೆ" ಅಂದಳು.
ಒಳಗಿನಿಂದಲೋ ಹೊರಗಿನಿಂದಲೋ
ಹೇಳಲಿಲ್ಲ.